ಸಹಾಯ ಬೇಕು: ಅಕ್ವಿನಾಸ್‌ನ 'ಸಬ್‌ಸ್ಟನ್ಸ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. 13ನೇ ಶತಮಾನದ ಕ್ರೈಸ್ತ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸ್ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಗಾಡಿ ನಿಂತಿದೆ.

ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ರೊಟ್ಟಿ ಕ್ರಿಸ್ತನ ದೇಹವಾಗುತ್ತದೆ ಅನ್ನುವುದನ್ನು ಅವನು ಅರಿಸ್ಟಾಟಲ್‌ನ ಪದಗಳಲ್ಲಿ ವಿವರಿಸುತ್ತಾನೆ. ಬಣ್ಣ, ರುಚಿ, ಅಳತೆ ಎಲ್ಲ ಹಾಗೇ ಉಳಿಯುತ್ತವೆ, ಅವು 'ಆಕ್ಸಿಡೆಂಟ್'. ಬದಲಾಗುವುದು 'ಸಬ್‌ಸ್ಟನ್ಸ್', ಅಂದರೆ ಆ ವಸ್ತು ಮೂಲದಲ್ಲಿ ಏನೋ ಅದು. 1551ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆಯೂ ಸಬ್‌ಸ್ಟನ್ಸ್ ಬದಲಾಗುತ್ತದೆ ಎಂದೇ ಹೇಳಿತು. ಕ್ಯಾಥೊಲಿಕರು ಇವತ್ತಿಗೂ ಪರಮಪ್ರಸಾದವನ್ನು (ಬಲಿಪೂಜೆಯ ಆ ರೊಟ್ಟಿಯನ್ನು) ಹಾಗೇ ನಂಬುತ್ತಾರೆ. ಹಾಗಾಗಿ ಪದ ತಪ್ಪಿದರೆ ಅರ್ಥವೇ ತಪ್ಪುತ್ತದೆ.

'ದ್ರವ್ಯ' ಅಂದರೆ ಓದುವವರಿಗೆ ದುಡ್ಡೋ ಪೂಜಾಸಾಮಗ್ರಿಯೋ ನೆನಪಾಗುತ್ತದೆ. ಆಕ್ಸಿಡೆಂಟ್‌ಗೆ 'ಗುಣ' ಸಾಲದು, ಅಳತೆ, ಜಾಗ, ಸಂಬಂಧ ಕೂಡ ಅದರಲ್ಲೇ ಬರುತ್ತವೆ. ಆಕ್ಸಿಡೆಂಟ್ ಅಂತಲೇ ಬಿಟ್ಟರೆ ಬಸ್ಸು ಲಾರಿ ಡಿಕ್ಕಿ ಹೊಡೆದ ಹಾಗಾಗುತ್ತದೆ!

ಇನ್ನೊಂದು ಅನುಮಾನ. ಅಕ್ವಿನಾಸ್‌ನ ದೊಡ್ಡ ಗ್ರಂಥ 'ಸುಮ್ಮಾ'ದಲ್ಲಿ ದೇವರಿದ್ದಾನೆಯೇ ಅನ್ನುವ ಪ್ರಶ್ನೆ ಶುರುವಾಗುವುದೇ 'ದೇವರಿಲ್ಲ ಎಂದು ತೋರುತ್ತದೆ' ಅಂತ. ಮೊದಲು ಎದುರಾಳಿಯ ವಾದ, ಆಮೇಲೆ ತನ್ನ ಉತ್ತರ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಜವಾಬು. ನಮ್ಮ ಪೂರ್ವಪಕ್ಷ, ಸಿದ್ಧಾಂತದ ಥರವೇ ಅಲ್ವಾ? ಆ ಪದಗಳನ್ನೇ ಬಳಸಿದರೆ ದಾರಿ ತಪ್ಪಿಸಿದಂತಾಗುತ್ತದೆಯೇ?

ಸೆಮಿನರಿಯಲ್ಲಿ ಓದಿದವರು, ನ್ಯಾಯ ವೈಶೇಷಿಕ ಬಲ್ಲವರು ದಯವಿಟ್ಟು ಹೇಳಿ. ಸುಮ್ನೆ ನಿಘಂಟಿನ ಪದ ಬೇಡ, ಅದನ್ನು ನೋಡಿಯಾಯಿತು.