ಬರ ತಾಳಿದ ಸೀಮೆಹುಲ್ಲಿನ ಬೀಜ ಮೊಳೆಯುತ್ತಿಲ್ಲ, ಗಿನಿ ಹುಲ್ಲಿನಲ್ಲಿ ಆಯ್ಕೆ ಫಲಿಸುತ್ತಿಲ್ಲ

ಪಾಂಡವಪುರದ ಹೈನುಗಾರ:
2023ರ ಬರದಲ್ಲಿ ನಮ್ಮ ಜಮೀನಿಗೆ ನಾಲೆಯ ನೀರು ಸಾಲದೆ, ಹತ್ತು ಗುಂಟೆಯಲ್ಲಿದ್ದ ಕೋ-4 ಸೀಮೆಹುಲ್ಲು ಬಹುಪಾಲು ಒಣಗಿದರೂ ಮನೆಯ ಕಡೆಯ ಮೂಲೆಯಲ್ಲಿ ಐದಾರು ಬುಡಗಳು ಹಸಿರಾಗಿಯೇ ಉಳಿದವು. ಅವುಗಳ ತೆನೆಯಿಂದ ಬೀಜ ತೆಗೆದು ಎರಡು ಸಲ ಬಿತ್ತಿದೆ, ಒಂದೂ ಮೊಳೆಯಲಿಲ್ಲ. ಬದುವಿನ ಗಿನಿ ಹುಲ್ಲಿನ ಬೀಜ ಮೊಳೆಯಿತಾದರೂ, ಗಟ್ಟಿ ಗಿಡಗಳನ್ನೇ ಆರಿಸಿ ಮತ್ತೆ ಬಿತ್ತಿದಾಗ ಎಲ್ಲವೂ ಮೊದಲಿನಂತೆಯೇ ಬಂದವು. ತಪ್ಪು ಎಲ್ಲಿದೆ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಮೈಸೂರಿನ ಮೇವು ಬೆಳೆಗಾರ:
ನಿಮ್ಮ ಬಿತ್ತನೆಯಲ್ಲಿ ತಪ್ಪಿಲ್ಲ ಸರ್. ಕೋ-4 ಎಂಬುದು ಸಜ್ಜೆ ಮತ್ತು ಆನೆಹುಲ್ಲಿನ ಸಂಕರ. ಸಜ್ಜೆಯಲ್ಲಿ 14, ಆನೆಹುಲ್ಲಿನಲ್ಲಿ 28 ವರ್ಣತಂತುಗಳಿದ್ದು (ವಂಶಗುಣ ಹೊರುವ ಎಳೆಗಳು), ಎರಡರಿಂದಲೂ ಅರ್ಧರ್ಧ ಸೇರಿ ಸಂಕರದಲ್ಲಿ 21 ಆಗುತ್ತವೆ. ಏಳೇಳರ ಈ ಮೂರು ಗುಂಪುಗಳು ಸರಿಯಾಗಿ ಜೋಡಿಯಾಗಲಾರದ ಕಾರಣ ತೆನೆ ಬಂದರೂ ಕಾಳು ಕಟ್ಟುವುದಿಲ್ಲ. ಇದನ್ನು ಗಿಣ್ಣಿರುವ ಕಡ್ಡಿಯಿಂದ ಮಾತ್ರ ಬೆಳೆಸಬೇಕು. ಗಿನಿ ಹುಲ್ಲಿನ ಸಂಗತಿ ಇನ್ನೂ ಸ್ವಾರಸ್ಯವಾದುದು: ಅದರ ಬೀಜ ಬಹುಪಾಲು ಗಂಡು-ಹೆಣ್ಣಿನ ಕೂಡಿಕೆಯಿಲ್ಲದೆಯೇ ಆಗುವುದರಿಂದ ಹೆಚ್ಚುಕಡಿಮೆ ಪ್ರತಿಯೊಂದು ಸಸಿಯೂ ತಾಯಿಯ ಪಡಿಯಚ್ಚಾಗಿರುತ್ತದೆ. ಒಂದೇ ಬುಡದ ಸಂತಾನದಲ್ಲಿ ವ್ಯತ್ಯಾಸವೇ ಇಲ್ಲದ ಮೇಲೆ ಎಷ್ಟು ಸಲ ಆರಿಸಿದರೇನು? ಪೂರ್ವ ಆಫ್ರಿಕಾದಲ್ಲಿ ಲೈಂಗಿಕವಾಗಿ ಬೀಜ ಕಟ್ಟುವ ಗಿನಿ ಗಿಡಗಳು ದೊರೆತ ಮೇಲೆಯೇ ತಳಿತಜ್ಞರಿಗೆ ಇದರಲ್ಲಿ ಸಂಕರಣದ ದಾರಿ ತೆರೆಯಿತು. ಒಣ ನೆಲದ ಮೇವಾದ ಅಂಜನ ಹುಲ್ಲಿನದೂ ಬಹುಮಟ್ಟಿಗೆ ಇದೇ ಸ್ವಭಾವ.

ಆ ಐದಾರು ಬುಡಗಳು ಏಕೆ ಉಳಿದವು ಎಂಬುದನ್ನು ಮೊದಲು ಪರೀಕ್ಷಿಸಿ. ಒಂದರ ಪಕ್ಕ ಎರಡು ಅಡಿ ಅಗೆದು ನೋಡಿ.

ಪಾಂಡವಪುರದ ಹೈನುಗಾರ:
ಇಂದು ಬೆಳಿಗ್ಗೆ ಅಗೆದೆ. ಒಂದೂವರೆ ಅಡಿಯಲ್ಲಿ ಮಣ್ಣು ಕೈಗೆ ಅಂಟುವಷ್ಟು ಹಸಿಯಾಗಿದ್ದು, ಬಿಳಿ ಬೇರುಗಳೆಲ್ಲ ಬಚ್ಚಲು ನೀರಿನ ಪೈಪಿನ ಒಡೆದ ಕೀಲಿನತ್ತಲೇ ಸಾಗಿದ್ದವು. ಎರಡು ವರ್ಷ ಇದನ್ನು ಬರ ತಾಳುವ ತಳಿಯೆಂದು ನಂಬಿದ್ದೆ.

ಮೈಸೂರಿನ ಮೇವು ಬೆಳೆಗಾರ:
ಇಡೀ ತಾಕಿಗೆ ಒಂದೇ ತಳಿಯ ಕಡ್ಡಿ ನೆಟ್ಟಿದ್ದರಿಂದ ಆ ಐದಾರು ಬುಡಗಳು ಬೇರೆಯಾಗಿರುವ ಸಂಭವವೇ ಕಡಿಮೆಯಿತ್ತು. ಇನ್ನು ಮುಂದೆ ಹುಡುಕಾಟವನ್ನು ಬೀಜದಿಂದ ಬುಡಕ್ಕೆ ಬದಲಿಸಿ. ಬೇರೆ ಬೇರೆ ಊರುಗಳ ಒಣ ಬದುಗಳಲ್ಲಿ ಬೇಸಿಗೆಯಲ್ಲೂ ಚಿಗುರುವ ಗಿನಿ ಮತ್ತು ಅಂಜನದ ಬುಡಗಳನ್ನು ಬೇರು ಸಮೇತ ತಂದು, ಸೀಳಿ, ಪೈಪಿನಿಂದ ದೂರದ ಒಂದೇ ಮಣ್ಣಿನಲ್ಲಿ ನೆಡಿ. ಪ್ರತಿ ಬುಡದ ಸೀಳುಗಳು ಕನಿಷ್ಠ ಮೂರು ಮಡಿಗಳಲ್ಲಿ ಇರಲಿ, ಸಾಲಿನ ಕ್ರಮ ಪ್ರತಿ ಮಡಿಯಲ್ಲೂ ಬೇರೆಯಾಗಿರಲಿ. ಇಲ್ಲದಿದ್ದರೆ ಮತ್ತೆ ಮಣ್ಣಿನ ಗುಣವನ್ನೇ ಹುಲ್ಲಿನ ಗುಣವೆಂದು ಎಣಿಸುವಂತಾಗುತ್ತದೆ. ಬೇರು ಹಿಡಿದ ಮೇಲೆ ನೀರು ನಿಲ್ಲಿಸಿ, ಹಸಿರು ಎಷ್ಟು ದಿನ ಉಳಿಯಿತು ಎಂಬುದಕ್ಕಿಂತ ಮೊದಲ ಮಳೆಯ ನಂತರ ಎಷ್ಟು ಮೇವು ತೂಗಿತು ಎಂಬುದನ್ನು ಬರೆದಿಡಿ, ಏಕೆಂದರೆ ಬದುಕಿ ಉಳಿದರೂ ಬೆಳೆಯದ ಹುಲ್ಲು ಹಸುವಿನ ಹೊಟ್ಟೆ ತುಂಬಿಸದು. ಗೆದ್ದ ಬುಡವನ್ನು ಸೀಳಿಯೇ ಹೆಚ್ಚಿಸಿ.

ಪಾಂಡವಪುರದ ಹೈನುಗಾರ:
ಧನ್ಯವಾದಗಳು ಸರ್. ಪೈಪು ಸರಿಪಡಿಸಿ, ಮೇಲಿನ ಹೊಲದಲ್ಲಿ ಮೂರು ಮಡಿ ಕಟ್ಟುತ್ತೇನೆ.