ಇಪ್ಪತ್ತೈದು ವರ್ಷದ ಮೇಲೆ ಗುರುವಂದನೆ: ಮಾಡಿದವರು ಹೇಗೆ ಮಾಡಿದಿರಿ?

ಕೇಳುತ್ತಿರುವುದು:

ನಾವು ಹಾಸನ ಜಿಲ್ಲೆಯ ಒಂದು ಹೋಬಳಿ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ 2001ರಲ್ಲಿ ಎಸ್ಸೆಸ್ಸೆಲ್ಸಿ ಬರೆದವರು. ಇಪ್ಪತ್ತೈದು ವರ್ಷ ಆಯ್ತು ಅಂತ ಗುರುವಂದನೆ ಇಟ್ಟುಕೊಂಡಿದ್ದೀವಿ. 62 ಜನರಲ್ಲಿ 41 ಜನರ ನಂಬರ್ ಸಿಕ್ಕಿದೆ. ಕಲ್ಯಾಣ ಮಂಟಪದಲ್ಲಿ ಮಾಡೋಣ ಅಂತ ಕೆಲವರು, ಸ್ಕೂಲಲ್ಲೇ ಆಗಲಿ ಅಂತ ಕೆಲವರು. ಶಾಲು, ಹಾರ, ಹಣ್ಣಿನ ಬುಟ್ಟಿ ಬಿಟ್ಟು ಮೇಷ್ಟ್ರುಗಳಿಗೆ ಇನ್ನೇನು ಕೊಟ್ಟರೆ ಮನಸ್ಸಿಗೆ ಮುಟ್ಟುತ್ತೆ?

ಆದರೆ ನಿಜವಾಗಿ ನನ್ನನ್ನು ಕೊರೀತಿರೋದು ಬೇರೆ ವಿಷಯ. ನಮ್ಮ ಹುಡುಗಿಯರ ಖೋಖೋ ತಂಡ 2000ದಲ್ಲಿ ಜಿಲ್ಲಾ ಮಟ್ಟಕ್ಕೆ ಹೋಗಿತ್ತು. ಕ್ಯಾಪ್ಟನ್ ಆಗಿದ್ದವಳು ಗಣಿತದಲ್ಲಿ ಫೇಲಾದಳು, ಅದೇ ವರ್ಷ ಮದುವೆ ಮಾಡಿಬಿಟ್ಟರು. ಈಗ ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಫೋನ್ ಮಾಡಿದ್ರೆ, 'ನಾನ್ ಬಂದು ಏನ್ಮಾಡ್ಲಿ ಕಣೇ, ನೀವೆಲ್ಲ ಆಫೀಸರುಗಳಾಗಿದ್ದೀರ' ಅಂದು ಇಟ್ಟುಬಿಟ್ಟಳು. ನಮ್ಮ ಪಿ.ಟಿ. ಮೇಷ್ಟ್ರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು ಅವಳನ್ನೇ. ಅಂಕಣಕ್ಕೆ ಸುಣ್ಣ ಹಾಕ್ತಿದ್ದವಳೂ ಅವಳೇ, ನಮ್ಮನ್ನೆಲ್ಲ ಜಗಳ ಬಿಡಿಸಿ ಕೂರಿಸ್ತಿದ್ದವಳೂ ಅವಳೇ. ಅವಳಿಲ್ಲದೆ ಮಾಡೋಕೆ ನನಗೆ ಮನಸ್ಸಿಲ್ಲ. ಇಂಥ ಗೆಳತಿಯನ್ನ ಕರೆಸಿಕೊಂಡವರು ಯಾರಾದ್ರೂ ಇದ್ದರೆ ಹೇಳಿ.

ತುಮಕೂರಿನಿಂದ:

ಸ್ಕೂಲಲ್ಲೇ ಮಾಡಿ, ಎರಡನೇ ಮಾತು ಬೇಡ. ನಾವು ಮಂಟಪದಲ್ಲಿ ಮಾಡಿ ಪಶ್ಚಾತ್ತಾಪ ಪಟ್ಟಿದ್ದೀವಿ. ಊಟ ಚೆನ್ನಾಗಿತ್ತು, ಆದರೆ ಮದುವೆಗೆ ಬಂದು ಹೋದ ಹಾಗಾಯ್ತು. ಭಾನುವಾರ ಇಟ್ಟುಕೊಳ್ಳಿ, ಮುಖ್ಯ ಶಿಕ್ಷಕರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಒಪ್ಪಿಗೆ ತಗೊಳ್ಳಿ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರಿಗೂ ಒಂದು ಮಾತು ಹೇಳಿ. ನಂಬರ್ ಸಿಗದ 21 ಜನರಿಗೆ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಿ. ಅದರಲ್ಲಿ ತಂದೆ ಹೆಸರು, ಊರು ಇರುತ್ತೆ. ಆ ಊರಿನ ಅಂಗಡಿಯಲ್ಲಿ ತಂದೆಯ ಹೆಸರು ಹೇಳಿ ಕೇಳಿದರೆ ಅರ್ಧ ಜನ ಸಿಕ್ಕೇ ಸಿಗ್ತಾರೆ. ವರ್ಗವಾಗಿ ಹೋದ, ನಿವೃತ್ತರಾದ ಮೇಷ್ಟ್ರುಗಳ ವಿಷಯ ತಾಲ್ಲೂಕಿನ ನಿವೃತ್ತ ನೌಕರರ ಸಂಘದವರಿಗೆ ಗೊತ್ತಿರುತ್ತೆ. ಯಾರು ಎಷ್ಟು ದುಡ್ಡು ಕೊಟ್ಟರು ಅಂತ ಗುಂಪಿನಲ್ಲಿ ಹಾಕಬೇಡಿ, ವೇದಿಕೆಯಲ್ಲಿ ಓದಲೇಬೇಡಿ. 200 ರೂಪಾಯಿ ಕೊಟ್ಟವನು ಅಲ್ಲಿಂದಾಚೆಗೆ ಬರೋದೇ ಇಲ್ಲ.

ಮೈಸೂರು ಜಿಲ್ಲೆಯಿಂದ:

ನಿಮ್ಮ ಕ್ಯಾಪ್ಟನ್ ವಿಷಯ ಓದಿ ಎದೆ ಭಾರವಾಯ್ತು. ನಾನೂ ಖೋಖೋ ಆಡಿದವಳು, ನಮ್ಮಲ್ಲೂ ಇಂಥವಳೊಬ್ಬಳು ಇದ್ದಳು, ಅವಳನ್ನ ಕರೆಸಿಕೊಂಡಿದ್ದೀವಿ. ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ನಮ್ಮ ಪಿ.ಟಿ. ಮೇಷ್ಟ್ರು ಮೊದಲ ಒಂದು ತಿಂಗಳು ನಮಗೆ ಓಡೋಕೇ ಬಿಡಲಿಲ್ಲ. ಕೂರೋದು ಕಲಿಸಿದರು. ಎರಡು ತುದಿಯ ಕಂಬಗಳ ನಡುವೆ ಎಂಟು ಜನ ಎಂಟು ಚೌಕದಲ್ಲಿ, ಒಬ್ಬಳು ಈ ಕಡೆ ಮುಖ, ಪಕ್ಕದವಳು ಆ ಕಡೆ ಮುಖ. ಅಂಗೈ ನೆಲಕ್ಕೆ ಊರಿ, ಮೈಭಾರ ಕಾಲ್ಬೆರಳ ಮೇಲೆ. ಬೆನ್ನ ಹಿಂದೆ ಏನಾಗ್ತಿದೆ ಅಂತ ಕಾಣಲ್ಲ, ಕಿವಿಯಲ್ಲೇ ಕಾಯಬೇಕು. ಹಿಂದಿನಿಂದ ಬಂದವಳು ಬೆನ್ನು ಮುಟ್ಟಿ 'ಖೋ' ಅನ್ನೋ ತನಕ ಏಳೋ ಹಾಗಿಲ್ಲ, ಎದ್ದರೆ ಫೌಲ್. ಎದ್ದ ಮೇಲೆ ಹಿಡಿದ ದಿಕ್ಕು ಬಿಟ್ಟು ತಿರುಗೋ ಹಾಗಿಲ್ಲ. ನಾನು ದುಡುಕಿನವಳು, ದಿನಾ ಮೊದಲೇ ಏಳ್ತಿದ್ದೆ. ಮೇಷ್ಟ್ರು ಬೈಯಲಿಲ್ಲ. ನನ್ನ ಹಿಂದೆ ಬಂದು ಕೂತು, ಒಂದು ಸಂಜೆ ಪೂರ್ತಿ, 'ಈಗಲ್ಲ... ಈಗಲ್ಲ... ಹಾ, ಈಗ' ಅಂತ ಹೇಳಿಕೊಟ್ಟರು. ನಾನೀಗ ನರ್ಸ್. ತುರ್ತು ವಾರ್ಡಿನಲ್ಲಿ ಡಾಕ್ಟರು ಹೇಳೋ ಮೊದಲೇ ಕೈ ಹಾಕೋಕೆ ಹೊರಟಾಗ ಆ 'ಈಗಲ್ಲ' ಕೇಳಿಸುತ್ತೆ.

ಆಗ ನಮ್ಮೂರಲ್ಲಿ ಹುಡುಗಿಯರು ಚಡ್ಡಿ ಹಾಕಿ ಆಡ್ತಾರೆ ಅಂತ ದೊಡ್ಡ ಗಲಾಟೆ. ಮೇಷ್ಟ್ರ ಹೆಂಡತಿ ನಮ್ಮ ಅಳತೆ ತಗೊಂಡು ಹನ್ನೆರಡು ಜನಕ್ಕೂ ಪೈಜಾಮ ಹೊಲಿದುಕೊಟ್ಟರು, ನೀಲಿ ಬಟ್ಟೆ, ಸೊಂಟಕ್ಕೆ ಲಾಡಿ. ಅದನ್ನ ಹಾಕಿಕೊಂಡೇ ತಾಲ್ಲೂಕು ಗೆದ್ದಿದ್ದು. ಬೇರೆ ಶಾಲೆಯವರು ಶೂ ಹಾಕಿದ್ದರು, ನಾವು ಬರಿಗಾಲು.

ನಮ್ಮ ತಂಡದ ಅತಿ ಒಳ್ಳೆ ಆಟಗಾರ್ತಿ ಒಂಬತ್ತಕ್ಕೇ ಸ್ಕೂಲು ಬಿಟ್ಟಳು. ಗುರುವಂದನೆಗೆ ಕರೆದಾಗ ನಿಮ್ಮ ಗೆಳತಿ ಹೇಳಿದ ಮಾತನ್ನೇ ಅವಳೂ ಹೇಳಿದಳು. ನಾವು ಮಾಡಿದ ತಪ್ಪು ಏನು ಗೊತ್ತಾ? ನೆಂಟರನ್ನ ಕರೆದ ಹಾಗೆ ಕರೆದಿದ್ದು. 'ಬಾ, ಕೂತ್ಕೋ, ಊಟ ಮಾಡು' ಅಂದ್ರೆ ಅವಳು ಎಲ್ಲಿ ಕೂರಬೇಕು? ವೇದಿಕೆ ಮೇಲೆ ಒಬ್ಬ ತಹಶೀಲ್ದಾರ್, ಒಬ್ಬ ಇಂಜಿನಿಯರ್. ಕೊನೆಗೆ ನಾವು ಇಬ್ಬರು ಅವಳ ಮನೆಗೇ ಹೋದ್ವಿ. ಕಾರು ಊರಾಚೆ ನಿಲ್ಲಿಸಿ ನಡ್ಕೊಂಡು ಹೋದ್ವಿ, ಯಾಕೋ ಹಾಗೇ ಅನ್ನಿಸ್ತು. ಕಾರ್ಯಕ್ರಮಕ್ಕೆ ಬಾ ಅನ್ನಲಿಲ್ಲ. 'ಈಗಿನ ಹುಡುಗಿಯರ ಜೊತೆ ಒಂದು ಆಟ ಇಟ್ಟಿದ್ದೀವಿ, ನಮ್ಮನ್ನ ಯಾರು ಎಲ್ಲಿ ಕೂರಿಸಬೇಕು ಅಂತ ನಿನಗೇ ಗೊತ್ತು, ನೀನು ಬರದಿದ್ರೆ ಆಟ ಇಲ್ಲ' ಅಂದ್ವಿ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ತಾ, 'ನಿನ್ನನ್ನ ಕೊನೇ ಚೌಕಕ್ಕೆ ಹಾಕಬಾರದು, ಕಂಬದ ಹತ್ರ ಬೀಳ್ತೀಯ' ಅಂದಳು. ಅಷ್ಟು ವರ್ಷ ಆಗಿತ್ತು, ನಾನು ಕಂಬದ ಹತ್ತಿರ ಬೀಳ್ತೀನಿ ಅನ್ನೋದು ಅವಳಿಗೆ ನೆನಪಿತ್ತು. ಆ ಭಾನುವಾರ ಬೆಳಿಗ್ಗೆ ಎಂಟಕ್ಕೇ ಬಂದಿದ್ದಳು.

ಆವತ್ತು ಯಾರ ಕೆಲಸ ಏನು ಅಂತ ಮೈಕಿನಲ್ಲಿ ಹೇಳಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಹೆಸರು, ಊರು, ಅಷ್ಟೇ. ಮೇಷ್ಟ್ರಿಗೆ ನಮ್ಮ ಮುಖ ಗುರುತು ಸಿಗಲಿಲ್ಲ, ಆದರೆ ಚೌಕದಲ್ಲಿ ಕೂತ ಮೇಲೆ ಒಬ್ಬೊಬ್ಬರನ್ನೇ ಗುರುತು ಹಿಡಿದರು. 'ನೀನು ಬೇವಿನ ಮರದ ಕಡೆ ಮುಖ, ನೀನು ರಸ್ತೆ ಕಡೆ.' ಅವರ ಲೆಕ್ಕದಲ್ಲಿ ನಾವು ಅಲ್ಲೇ ಇದ್ದೆವು.

ಈಗಿನ ಹುಡುಗಿಯರ ಎದುರು ಆಡಿ, ಚೆನ್ನಾಗಿರುತ್ತೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದಾಗ ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ ಬಿ. ಚೈತ್ರಾ ಭಾರತ ತಂಡದಲ್ಲಿದ್ದಳು, ಫೈನಲ್ಲಿನಲ್ಲಿ ನೇಪಾಳವನ್ನ ಸೋಲಿಸಿ ಕಪ್ ಗೆದ್ದರು. ಆವತ್ತು ರಾತ್ರಿ ನಮ್ಮ ತಂಡದವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡು ಅತ್ತಿದ್ದೀವಿ.

ಹಾವೇರಿ ಕಡೆಯಿಂದ:

ನಾವು ಕಬಡ್ಡಿ ಮಂದಿ. ಆದ್ರ ನಾ ಹೇಳಾಕತ್ತಿದ್ದು ನಮ್ಮ ಗಣಿತದ ಅಕ್ಕೋರ ಬಗ್ಗೆ. ನಮ್ಮ ಟೀಮಿನ ಏಳೂ ಹುಡುಗ್ರು ಗಣಿತದಾಗ ಹಿಂದ. ಅಕ್ಕೋರು ಒಂದಿನ ಪುಸ್ತಕ ಮುಚ್ಚಿ ನಮ್ಮನ್ನ ಬಯಲಿಗೆ ಕರ್ಕೊಂಡು ಬಂದ್ರು. 'ಅಂಕಣದ ಮೂಲಿ ಸೊಟ್ಟ ಆಗೇತಿ, ಯಾಕ ಹೇಳ್ರಿ' ಅಂದ್ರು. ಒಂದು ಹಗ್ಗಕ್ಕ 3 ಮೊಳ, 4 ಮೊಳ, 5 ಮೊಳಕ್ಕ ಗಂಟು ಹಾಕ್ಸಿ, ಮೂರು ಮಂದಿ ಮೂರು ಗಂಟು ಬಿಗಿಯಾಗಿ ಹಿಡೀರಿ ಅಂದ್ರು. ಮೂಲಿ ಕಟ್ಟಿಗೀ ಕಡದಂಗ ನೆಟ್ಟಗ ಬಂತು. 'ಇದ ನೋಡ್ರಪಾ ಪೈಥಾಗೊರಸನ ಪ್ರಮೇಯ' ಅಂದ್ರು. ಆವತ್ತಿನ ತನಕ ಆ ಹೆಸರು ಕೇಳಿದ್ರ ಹೊಟ್ಟಿ ತೊಳಸ್ತಿತ್ತು ನಮಗ. ಈಗ ನಾ ಮನಿ ಕಟ್ಟೋ ಮೇಸ್ತ್ರಿ. ಪಾಯಾ ಹಾಕೂ ಮುಂದ ಇವತ್ತಿಗೂ ಅದ ಹಗ್ಗ, ಅದ ಗಂಟು.

ನಿಮ್ಮ ಪ್ರಶ್ನೆ ಏನು ಕೊಡಬೇಕು ಅಂತಲ್ರೀ? ನಾವು ಒಬ್ಬೊಬ್ರು ಒಂದೊಂದು ಹಾಳಿ ಕೈಲೆ ಬರದ್ವಿ. 'ನೀವು ನನಗ ಇಂಥಾ ದಿನ ಇಂಥಾದ್ದು ಮಾಡಿದ್ರಿ' ಅಂತ ಒಂದ ಸಂಗತಿ, ಹೊಗಳಿಕಿ ಬ್ಯಾಡ. ಅಕ್ಕೋರಿಗೆ ಈಗ ಕಣ್ಣು ಕಾಣೂದು ಕಮ್ಮಿ. ಅವರ ಮಗಳು ದಿನಾ ಎರಡು ಹಾಳಿ ಓದಿ ಹೇಳ್ತಾಳಂತ.

ನಿವೃತ್ತ ಶಿಕ್ಷಕರೊಬ್ಬರಿಂದ, ಶಿವಮೊಗ್ಗ:

ನಾನು 31 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು. ನಾಲ್ಕಾರು ಗುರುವಂದನೆಗಳಿಗೆ ಹೋಗಿ ಬಂದಿದ್ದೇನೆ. ದಯವಿಟ್ಟು ಇಷ್ಟು ನೋಡಿಕೊಳ್ಳಿ. ಎದುರಿಗೆ ಬಂದು 'ನಾನ್ಯಾರು ಹೇಳಿ ಸಾರ್' ಎಂದು ಕೇಳಬೇಡಿ. ಹದಿನೈದರ ಹುಡುಗನನ್ನು ನಾವು ನೋಡಿದ್ದು, ನಲವತ್ತರ ಗೃಹಸ್ಥನನ್ನಲ್ಲ. ನೆನಪಾಗದಿದ್ದರೆ ನಮಗೆ ಬಹಳ ನೋವಾಗುತ್ತದೆ. ಬಂದ ತಕ್ಷಣ ಹೆಸರು, ಊರು, ತಂದೆಯ ಹೆಸರು ಹೇಳಿ, ಯಾರ ಪಕ್ಕ ಕೂರುತ್ತಿದ್ದೆ ಎಂದು ಹೇಳಿ. ಆಮೇಲೆ ನಿಮಗೇ ಮರೆತದ್ದನ್ನು ನಾವು ಹೇಳುತ್ತೇವೆ. ವೇದಿಕೆಯ ಮೇಲೆ ಮೂರು ಗಂಟೆ ಕೂರಿಸಬೇಡಿ. ಸಕ್ಕರೆ ಕಾಯಿಲೆಯವರು ಇರುತ್ತೇವೆ, ಶೌಚಾಲಯ ಹತ್ತಿರವಿರಲಿ, ಊಟ ಒಂದು ಗಂಟೆಗೆ ಮೀರಬಾರದು. ಗಂಟೆ ಹೊಡೆಯುತ್ತಿದ್ದ ಜವಾನರನ್ನೂ ಕರೆಯಿರಿ, ನಮ್ಮ ಸಾಲಿನಲ್ಲೇ ಕೂರಿಸಿ.

ಫೇಲಾದ ಮಕ್ಕಳ ಬಗ್ಗೆ ಒಂದು ಮಾತು. ಫಲಿತಾಂಶದ ದಿನ ಬಾರದೆ ಹೋದ ಮಕ್ಕಳ ಮನೆಗೆ ನಾನು ಹೋಗಬೇಕಿತ್ತು, ಹೋಗಲಿಲ್ಲ. ಅದು ಈಗಲೂ ಕಾಡುತ್ತದೆ. ನಿಮ್ಮ ಪಿ.ಟಿ. ಶಿಕ್ಷಕರು ಆ ಹುಡುಗಿಯನ್ನೇ ಮೊದಲು ಕೇಳಿದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಸಾಧ್ಯವಾದರೆ ಅವರನ್ನೂ ಅವಳ ಮನೆಗೆ ಕರೆದುಕೊಂಡು ಹೋಗಿ.

ಬೆಂಗಳೂರಿನಿಂದ:

ನನ್ನ ಅನುಭವ ಬೇರೆ. ನಮ್ಮ ಬ್ಯಾಚಿನ ಗುರುವಂದನೆಗೆ ನಾನು ಹೋಗಲಿಲ್ಲ. ಎಂಟನೇ ಕ್ಲಾಸಿನಲ್ಲಿ ನೋಟ್‌ಬುಕ್ ತರಲಾಗದೆ ಇದ್ದುದಕ್ಕೆ ಒಬ್ಬ ಮೇಷ್ಟ್ರು ನನ್ನನ್ನು ಒಂದು ವಾರ ಬಾಗಿಲಾಚೆ ನಿಲ್ಲಿಸಿದ್ದರು. ಮನೆಯಲ್ಲಿ ದುಡ್ಡಿರಲಿಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ಈಗ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯೋದನ್ನ ಮಾತ್ರ ಅಲ್ಲ, ಮಕ್ಕಳ ಮನಸ್ಸಿಗೆ ಹಿಂಸೆ ಕೊಡೋದನ್ನೂ ನಿಷೇಧಿಸಿದೆ. ಆಗ ಅದಿರಲಿಲ್ಲ. ಆ ಮೇಷ್ಟ್ರಿಗೆ ಹಾರ ಹಾಕೋಕೆ ನನ್ನ ಕೈ ಏಳುತ್ತಿರಲಿಲ್ಲ. ನಿಮ್ಮ 62 ಜನರಲ್ಲೂ ನನ್ನಂಥವರು ಒಬ್ಬರಾದರೂ ಇರ್ತಾರೆ. ಬರಲ್ಲ ಅಂದವರನ್ನ 'ಹಳೇದೆಲ್ಲ ಮರೆತುಬಿಡು' ಅಂತ ಒತ್ತಾಯ ಮಾಡಬೇಡಿ. ಯಾಕೆ ಅಂತ ಒಂದು ಸಲ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ನನ್ನನ್ನ ಯಾರೂ ಕೇಳಲಿಲ್ಲ.

ದಾವಣಗೆರೆಯಿಂದ:

ಒಂದು ಎಚ್ಚರಿಕೆ ಅಷ್ಟೇ. ಕ್ಯಾಪ್ಟನ್ನಿಗೆ ಮೊದಲ ಭೇಟಿಯಲ್ಲೇ 'ಈಗಲೂ ಎಸ್ಸೆಸ್ಸೆಲ್ಸಿ ಕಟ್ಟಬಹುದು, ನಾವು ಫೀಸು ಕಟ್ತೀವಿ' ಅನ್ನಬೇಡಿ. ನಾನು ಅಂದಿದ್ದೆ. ನನ್ನ ಗೆಳತಿ ಎರಡು ವರ್ಷ ಮಾತು ಬಿಟ್ಟಳು. ಅವಳಾಗಿ ಕೇಳಿದರೆ ಆಗ ಜೊತೆಗೆ ನಿಲ್ಲಿ.

ಕೇಳಿದವರಿಂದ, ಹತ್ತು ದಿನದ ಮೇಲೆ:

ಎಲ್ಲರಿಗೂ ಕೈಮುಗಿದೆ. ಶಾಲೆಯಲ್ಲೇ ಮಾಡ್ತಿದ್ದೀವಿ, ಮುಖ್ಯ ಶಿಕ್ಷಕರು ಒಪ್ಪಿದ್ದಾರೆ. ಹಾಳೆ ಬರೆಯೋಕೆ ಎಲ್ಲರಿಗೂ ಹೇಳಿದ್ದೀವಿ. ಬರಲ್ಲ ಅಂದ ಇಬ್ಬರಿಗೆ ನಾನೇ ಫೋನ್ ಮಾಡಿ ಯಾಕೆ ಅಂತ ಕೇಳಿದೆ. ಒಬ್ಬ ಒಂದು ಗಂಟೆ ಮಾತಾಡಿದ. ಬಾ ಅಂತ ನಾನು ಅನ್ನಲಿಲ್ಲ.

ಹೋದ ಭಾನುವಾರ ಪಿ.ಟಿ. ಮೇಷ್ಟ್ರನ್ನ ಕರ್ಕೊಂಡು ಅವಳ ಮನೆಗೆ ಹೋದ್ವಿ. ಅವಳು ಬಾಗಿಲಲ್ಲೇ ನಿಂತುಬಿಟ್ಟಳು, ಒಳಗೆ ಬನ್ನಿ ಅನ್ನೋಕೂ ಆಗಲಿಲ್ಲ ಅವಳಿಗೆ. ಮೇಷ್ಟ್ರು ಚಪ್ಪಲಿ ಬಿಡ್ತಾ, 'ಅಂಕಣಕ್ಕೆ ಸುಣ್ಣ ಹಾಕಬೇಕು ಕಣಮ್ಮ, ಇವರ‍್ಯಾರಿಗೂ ನೆಟ್ಟಗೆ ಬರಲ್ಲ' ಅಂದರು. ಕಾಫಿ ಮಾಡೋಕೆ ಒಳಗೆ ಹೋದವಳು ಅಲ್ಲಿಂದಲೇ ಕೇಳಿದಳು, 'ಕಂಬ ಈಗಲೂ ಅಲ್ಲೇ ಇದಾವಾ ಸಾರ್?'

ಒಂದು ಇದೆ, ಇನ್ನೊಂದು ಬುಡದಲ್ಲೇ ಮುರಿದುಹೋಗಿದೆ. ಈ ಶನಿವಾರ ಶಿಫ್ಟ್ ಮುಗಿಸಿಕೊಂಡು ಹೊಸ ಕಂಬ ನೆಡಿಸೋಕೆ ಬರ್ತಿದ್ದಾಳೆ. ಹಗ್ಗ ನಾನು ತರಬೇಕಂತೆ.