ತಮ್ಮ ಎಂಎಸ್‌ಗೆ ಅಮೆರಿಕ ಹೊರಟಿದಾನೆ, ಫೋನು ಲ್ಯಾಪ್‌ಟಾಪ್ ಎಲ್ಲ ಓಪನ್ ಮಾಡಿಸಿ ನೋಡ್ತಾರಂತೆ, ಹೋಗಿ ಬಂದೋರು ಸ್ವಲ್ಪ ಹೇಳಿ

ಶ್ರೀನಿವಾಸಪುರ ಮಾವು:
ಎಲ್ರಿಗೂ ನಮಸ್ಕಾರ. ನಮ್ ತಮ್ಮಂಗೆ ಎಫ್-1 ಸ್ಟೂಡೆಂಟ್ ವೀಸಾ ಆಗಿದೆ, ಬರೋ ತಿಂಗಳು ಫ್ಲೈಟು, ಅಬುಧಾಬಿ ಮೇಲೆ. ನಮ್ಮನೇಲಿ ದೇಶ ಬಿಟ್ಟು ಹೋಗ್ತಿರೋನು ಇವನೇ ಮೊದಲು, ಅದಕ್ಕೆ ದಿನಾ ಒಬ್ರು ಬಂದು ಒಂದೊಂದು ಕಥೆ ಹೇಳಿ ಹೆದರಿಸಿ ಹೋಗ್ತಾರೆ. ಫೋನ್ ಫುಲ್ ಫಾರ್ಮ್ಯಾಟ್ ಮಾಡ್ಕೊಂಡು ಹೋಗು ಅಂತ ಒಬ್ರು, ಹಂಗ್ ಮಾಡಿದ್ರೆ ಡೌಟ್ ಬಂದು ಒಳಗೆ ಕೂರಿಸ್ಕೊತಾರೆ ಅಂತ ಇನ್ನೊಬ್ರು. ಅವನ ಹತ್ರ ಒಂದು ಫೋನು, ಒಂದು ಲ್ಯಾಪ್‌ಟಾಪು, ಕಾಲೇಜ್ ಕಾಲದಿಂದ ತುಂಬ್ಕೊಂಡು ಬಂದಿರೋ ಹಾರ್ಡ್‌ಡಿಸ್ಕು, ಪವರ್‌ಬ್ಯಾಂಕು ಇಷ್ಟಿದೆ. ಪಾಸ್‌ವರ್ಡ್ ಕೇಳಿದ್ರೆ ಕೊಡ್ಲೇಬೇಕಾ? ಇಸ್ಕೊಂಡ್ರೆ ವಾಪಸ್ ಕೊಡ್ತಾರಾ ಇಲ್ವಾ? ಯಾರೋ ಹೇಳಿದ್ರು ಅನ್ನೋದು ಸಾಕಾಗಿದೆ, ಗೊತ್ತಿರೋರು ಬರೀರಿ ಪ್ಲೀಸ್.

ಕ್ಯಾತ್ಸಂದ್ರ ಗೇಟ್:
ಮೊದ್ಲು ಹೆದರ್ಕೋಬೇಡಿ. 2024ರ ಲೆಕ್ಕದ ವರ್ಷದಲ್ಲಿ ಅಮೆರಿಕದ ಗಡಿಯಲ್ಲಿ ಚೆಕ್ ಮಾಡಿರೋ ಡಿವೈಸು ಸುಮಾರು 47 ಸಾವಿರ, ಆ ವರ್ಷ ಒಳಗೆ ಬಂದೋರು 42 ಕೋಟಿ ಮೇಲೆ. ಅಂದ್ರೆ ಹತ್ತು ಸಾವಿರಕ್ಕೆ ಸುಮಾರು ಒಬ್ರು ಅಷ್ಟೇ. ನಾನು ಎಚ್-1ಬಿ ಕೆಲಸದ ವೀಸಾ ಮೇಲೆ ಹೋಗಿ ಬರ್ತಾ ಇರ್ತೀನಿ, ನನ್ ಫೋನ್ ಇದುವರ್ಗೂ ಯಾರೂ ಕೇಳಿಲ್ಲ, ಜೊತೆಗೆ ಕೆಲಸ ಮಾಡೋ ಒಬ್ಬಂದು ಕೇಳಿದಾರೆ.

ಆದ್ರೆ ಕೇಳಿದ್ರೆ ಏನು ಅನ್ನೋದು ಗೊತ್ತಿರ್ಬೇಕು. ಅಲ್ಲಿನ ಬಾರ್ಡರ್ ಇಲಾಖೆಗೆ 2018 ಜನವರಿಯ ಒಂದು ಆದೇಶ ಇದೆ, ಅದ್ರಲ್ಲಿ ಚೆಕಿಂಗ್ ಎರಡು ತರ. ಬೇಸಿಕ್ ಅಂದ್ರೆ ಆಫೀಸರ್ ಫೋನ್ ಕೈಲಿ ಹಿಡ್ಕೊಂಡು ಹಂಗೇ ಸ್ಕ್ರಾಲ್ ಮಾಡಿ ನೋಡೋದು, ಇದಕ್ಕೆ ಯಾವ ಅನುಮಾನದ ಕಾರಣನೂ ಬೇಕಾಗಿಲ್ಲ. ಅಡ್ವಾನ್ಸ್ಡ್ ಅಂದ್ರೆ ಕೇಬಲ್ ಹಾಕಿ ಮೆಷಿನ್‌ಗೆ ಕನೆಕ್ಟ್ ಮಾಡಿ ಡೇಟಾ ಕಾಪಿ ಮಾಡ್ಕೊಳೋದು, ಅದಕ್ಕೆ ಸರಿಯಾದ ಅನುಮಾನನೋ ದೇಶದ ಭದ್ರತೆ ಕಾರಣನೋ ಇರ್ಬೇಕು, ಮೇಲಿನ ಅಧಿಕಾರಿ ಒಪ್ಪಿಗೆನೂ ಬೇಕು. ಇನ್ನೊಂದು ಮುಖ್ಯವಾದ್ದು, ಅವ್ರು ನೋಡ್ಬೋದಾದ್ದು ಡಿವೈಸ್ ಒಳಗೆ ಇರೋದನ್ನ ಮಾತ್ರ, ಕ್ಲೌಡಲ್ಲಿರೋದನ್ನ ನೆಟ್ ಆನ್ ಮಾಡಿ ಎಳ್ಕೊಂಡು ನೋಡೋ ಹಂಗಿಲ್ಲ, ಅದಕ್ಕೇ ಏರ್‌ಪ್ಲೇನ್ ಮೋಡ್ ಹಾಕಿಸ್ತಾರೆ. ಅಲ್ಲಿನ ಸುಪ್ರೀಂ ಕೋರ್ಟು 2014ರಲ್ಲಿ ಪೊಲೀಸ್ರು ಅರೆಸ್ಟ್ ಮಾಡಿದೋರ ಫೋನ್ ನೋಡೋಕೆ ವಾರಂಟ್ ಬೇಕು ಅಂತ ಹೇಳಿದೆ, ಆ ತೀರ್ಪು ಗಡಿ ಚೆಕಿಂಗ್‌ಗೆ ಹಂಗೇ ಅನ್ವಯ ಆಗಲ್ಲ, ಬಾರ್ಡರ್ ರೂಲೇ ಬೇರೆ.

ಪಾಸ್‌ವರ್ಡ್ ವಿಷಯ: ಅಲ್ಲಿನ ಸಿಟಿಜನ್ ಆದ್ರೆ ಕೊಡಲ್ಲ ಅಂದ್ರೂ ಊರೊಳಗೆ ಬಿಡ್ಲೇಬೇಕು, ಫೋನ್ ಮಾತ್ರ ಇಟ್ಕೊಬೋದು. ನಿಮ್ ತಮ್ಮ ಎಫ್-1. ಕೊಡಲ್ಲ ಅಂದ್ರೆ ಅದನ್ನೇ ಕಾರಣ ಮಾಡಿ ವಾಪಸ್ ಕಳಿಸ್ಬೋದು. ಹಂಗಾಗಿ ಹಕ್ಕು ಗಿಕ್ಕು ಅಂತ ಕೌಂಟರ್ ಮುಂದೆ ವಾದ ಬೇಡ. ಇಟ್ಕೊಂಡ್ರೆ 6051ಡಿ ಅನ್ನೋ ರಸೀದಿ ಕೊಡ್ತಾರೆ, ಅದನ್ನ ಇಸ್ಕೊಳ್ದೆ ಅಲ್ಲಿಂದ ಎದ್ದು ಬರ್ಬಾರ್ದು. ಸಾಮಾನ್ಯಕ್ಕೆ 5 ದಿನ ಅಂತಾರೆ, ಜಾಸ್ತಿನೂ ಆಗ್ಬೋದು.

ಚಿಂತಾಮಣಿ ಡಬಲ್ ರೋಡ್:
ಕಾನೂನು ಅಣ್ಣ ಹೇಳಿದ್ರು, ನಾನು ಊರ ವಿಷಯ ಹೇಳ್ತೀನಿ. ನಮ್ ಕಡೆ ತೆಲುಗು ಚಾನೆಲ್ ನೋಡೋರಿಗೆಲ್ಲ ನೆನಪಿರುತ್ತೆ, 2023 ಆಗಸ್ಟಲ್ಲಿ ಆಂಧ್ರ ತೆಲಂಗಾಣದ ಸುಮಾರು 20 ಜನ ಸ್ಟೂಡೆಂಟ್ಸನ್ನ ಅಮೆರಿಕದ ಏರ್‌ಪೋರ್ಟಿಂದಲೇ ವಾಪಸ್ ಕಳಿಸಿದ್ರು, ಫೋನು ವಾಟ್ಸಾಪು ಎಲ್ಲ ನೋಡಿದ್ರು ಅಂತ ನ್ಯೂಸಲ್ಲಿ ಬಂತು. ಆವಾಗಿಂದ ನಮ್ ಹುಡುಗ್ರು ಡಿಲೀಟ್ ಡಿಲೀಟ್ ಅಂತ ಬಡ್ಕೊಳೋಕೆ ಶುರು ಮಾಡಿದ್ದು. ನನ್ನ ಕೇಳಿದ್ರೆ ತೊಂದ್ರೆ ಇರೋದು ಫೋನಲ್ಲಿ ಅಲ್ಲ, ಮಾತಲ್ಲಿ. ಕನ್ಸಲ್ಟೆನ್ಸಿಯೋನು "ಹೋಗಿದ್ ತಿಂಗಳಿಗೇ ಗ್ಯಾಸ್ ಸ್ಟೇಷನ್ ಕೆಲಸ ಹಾಕುಸ್ತೀನಿ" ಅಂತ ವಾಯ್ಸ್ ಮೆಸೇಜ್ ಕಳಿಸಿರ್ತಾನೆ, ಹುಡುಗ "ಆಯ್ತಣ್ಣ" ಅಂತ ಹಾಕಿರ್ತಾನೆ, ಆಮೇಲೆ ಆಫೀಸರ್ ಮುಂದೆ ಓದೋಕೆ ಮಾತ್ರ ಬಂದಿದೀನಿ ಸಾರ್ ಅಂತಾನೆ. ಎಫ್-1 ಮೇಲೆ ಕ್ಯಾಂಪಸ್ ಹೊರಗೆ ಪರ್ಮಿಷನ್ ಇಲ್ದೆ ಕೆಲಸ ಮಾಡೋ ಹಂಗೇ ಇಲ್ಲ. ಚಾಟ್ ಅಳಿಸೋದು ಆಮೇಲಿನ್ ಮಾತು, ಅಂತಾ ಪ್ಲಾನೇ ಇಟ್ಕೊಂಡು ಹೋಗ್ಬೇಡ ಅಂತ ತಮ್ಮಂಗೆ ಹೇಳಿ. ಫೀಸ್ ಎಷ್ಟು, ಯಾವ ಕೋರ್ಸು, ಲೋನ್ ಯಾವ ಬ್ಯಾಂಕು, ಎಲ್ಲಿ ಉಳ್ಕೊಳೋದು, ಇಷ್ಟು ಬಾಯಲ್ಲಿ ಸಲೀಸಾಗಿ ಬರ್ಬೇಕು. ಐ-20 (ಯೂನಿವರ್ಸಿಟಿ ಕೊಡೋ ಫಾರ್ಮು), ಅಡ್ಮಿಷನ್ ಲೆಟರ್, ಬ್ಯಾಂಕ್ ಪೇಪರ್ ಪ್ರಿಂಟ್ ಹಾಕಿಸಿ ಕೈ ಬ್ಯಾಗಲ್ಲಿ ಇಡಿ, ಎಲ್ಲ ಫೋನಲ್ಲಿ ಪಿಡಿಎಫ್ ಇದೆ ಅಂತ ಹೋಗಿ ಆ ಫೋನನ್ನೇ ಇಸ್ಕೊಂಡ್ರೆ ಏನು ತೋರಿಸ್ತೀರಾ?

ಬಂಗಾರಪೇಟೆ ಜಂಕ್ಷನ್:
ನಾನು ಒಪ್ಪಲ್ಲ. ಫಾರ್ಮ್ಯಾಟ್ ಮಾಡಿ ಹೊಸ ಸಿಮ್ ಹಾಕ್ಕೊಂಡು ಹೋದ್ರೆ ನೋಡೋಕೇ ಏನೂ ಇರಲ್ವಲ್ಲ, ತಲೆನೋವೇ ಇಲ್ಲ.

ಕ್ಯಾತ್ಸಂದ್ರ ಗೇಟ್:
22 ವರ್ಷದ ಹುಡುಗನ ಫೋನಲ್ಲಿ ಅಮ್ಮನ ಕಾಲ್ ಕೂಡ ಇಲ್ಲ, ಒಂದು ಫೋಟೋ ಇಲ್ಲ ಅಂದ್ರೆ ಯಾರಾದ್ರೂ ಯಾಕಪ್ಪ ಅಂತ ಕೇಳೇ ಕೇಳ್ತಾರೆ. ಖಾಲಿ ಫೋನ್ ತಪ್ಪಲ್ಲ, ಆದ್ರೆ ಪ್ರಶ್ನೆ ಜಾಸ್ತಿ ಆಗುತ್ತೆ. ನಾನು ಮಾಡೋದು ಬೇರೆ. ದಿನಾ ಬೇಕಾಗಿರೋದು ಫೋನಲ್ಲಿ ಇರುತ್ತೆ, ಹಳೇದೆಲ್ಲ ಬ್ಯಾಕಪ್ ಹಾಕಿ ಫೋನಿಂದ ತೆಗ್ದಿರ್ತೀನಿ, ಗೂಗಲ್ ಡ್ರೈವು, ಇ-ಮೇಲು ಲಾಗೌಟ್ ಮಾಡಿರ್ತೀನಿ, ಲ್ಯಾಂಡ್ ಆಗೋ ಮುಂಚೆ ಫೋನ್ ಪೂರ್ತಿ ಆಫ್ ಮಾಡಿ ಆನ್ ಮಾಡ್ತೀನಿ ಯಾಕಂದ್ರೆ ಹಂಗೆ ಮಾಡಿದ್ಮೇಲೆ ಬೆರಳು ಮುಖ ತೋರಿಸಿದ್ರೆ ಓಪನ್ ಆಗಲ್ಲ, ಪಾಸ್‌ಕೋಡ್ ಒತ್ಲೇಬೇಕು. ಇದೆಲ್ಲ ಮನೇಲಿ ಎರಡು ವಾರ ಮುಂಚೆ ಮಾಡೋ ಕೆಲಸ. ಇಮಿಗ್ರೇಷನ್ ಲೈನಲ್ಲಿ ನಿಂತ್ಕೊಂಡು ಗಾಬ್ರಿಲಿ ಡಿಲೀಟ್ ಒತ್ತೋದನ್ನ ಕ್ಯಾಮೆರಾ ನೋಡ್ತಿರುತ್ತೆ.

ಇನ್ಸ್ಟಾ ಅಕೌಂಟ್ ಅಂತೂ ಈಗ ಡಿಲೀಟ್ ಮಾಡ್ಲೇಬೇಡಿ. ಡಿಎಸ್-160 ಅನ್ನೋ ವೀಸಾ ಅರ್ಜಿ ಫಾರ್ಮಲ್ಲಿ ಹಿಂದಿನ 5 ವರ್ಷದ ಸೋಷಿಯಲ್ ಮೀಡಿಯಾ ಐಡಿ ಎಲ್ಲ ಬರ್ಸಿರ್ತಾರೆ, 2025 ಜೂನಿಂದ ಸ್ಟೂಡೆಂಟ್ ವೀಸಾದೋರು ಪ್ರೊಫೈಲ್ ಪಬ್ಲಿಕ್ ಇಡ್ಬೇಕು ಅಂತಾನೂ ಮಾಡಿದಾರೆ, ಅದೇ ವರ್ಷ ಡಿಸೆಂಬರಲ್ಲಿ ಎಚ್-1ಬಿ ನಮ್ಮಂತೋರಿಗೂ ಬಂತು. ಫಾರ್ಮಲ್ಲಿ ಬರ್ದಿರೋದು ಹೋಗೋ ಹೊತ್ತಿಗೆ ಮಾಯ ಆಗಿದ್ರೆ ಅದೇ ಒಂದು ಪ್ರಶ್ನೆ.

ಗೌರಿಬಿದನೂರು ದುಬೈ:
ಅಮೆರಿಕ ಗೊತ್ತಿಲ್ಲ, ಗಲ್ಫ್ ಗೊತ್ತು. ಪವರ್‌ಬ್ಯಾಂಕ್ ಚೆಕ್ ಇನ್ ಲಗೇಜಲ್ಲಿ ಹಾಕ್ಲೇಬೇಡಿ, ಕೈ ಬ್ಯಾಗಲ್ಲೇ ಇರ್ಬೇಕು, ಹೊರಗಡೆ ಒಂದು ಏರ್‌ಪೋರ್ಟಲ್ಲಿ ಇದಕ್ಕೇ ನನ್ನ ಸೂಟ್‌ಕೇಸ್ ಬೀಗ ಒಡೆದು ಪವರ್‌ಬ್ಯಾಂಕ್ ತೆಗೆದು ಬಿಸಾಕಿ, ಬಟ್ಟೆ ಎಲ್ಲ ಕಲಸಿ ಕಳಿಸಿದ್ರು, ಹೇಳೋಕೂ ಇಲ್ಲ ಕೇಳೋಕೂ ಇಲ್ಲ. ಲಿಮಿಟ್ 100 ವಾಟ್ ಅವರ್, 20000 ಎಂಎಎಚ್ ಅಂದ್ರೆ 74 ಆಗುತ್ತೆ, ಓಕೆ. ಮೇಲೆ ಪ್ರಿಂಟ್ ಅಳಿಸೋಗಿರೋ ಲೋಕಲ್ ಮಾಲು ಬೇಡ, ಓದೋಕಾಗಿಲ್ಲ ಅಂದ್ರೆ ಬಿಡಲ್ಲ. ಕೆಲವು ಏರ್‌ಲೈನ್ ಫ್ಲೈಟ್ ಒಳಗೆ ಅದ್ರಿಂದ ಚಾರ್ಜ್ ಮಾಡೋದೂ ನಿಲ್ಸಿದಾವೆ, ಎಮಿರೇಟ್ಸ್ 2025 ಅಕ್ಟೋಬರ್ 1ರಿಂದ. ಫೋನು ಲ್ಯಾಪ್‌ಟಾಪ್ ಎರಡೂ ಫುಲ್ ಚಾರ್ಜ್ ಇರ್ಲಿ, ಆನ್ ಮಾಡಿ ತೋರ್ಸು ಅಂದಾಗ ಸತ್ತೋಗಿದ್ರೆ ಕಷ್ಟ, ಅಮೆರಿಕ ಫ್ಲೈಟಿಗೆ ಈ ರೂಲು 2014ರಲ್ಲೇ ಬಂದಿದ್ದು.

ಸಬ್ಜೆಕ್ಟ್ ಬೇರೆ, ಆದ್ರೂ ಹೇಳ್ಬಿಡ್ತೀನಿ: ಅಬುಧಾಬಿ ಮೇಲೆ ಹೋಗೋದಾದ್ರೆ ಅಮ್ಮ ಪಾಯಸಕ್ಕೆ ಅಂತ ಗಸಗಸೆ ಕಟ್ಟಿ ಕೊಟ್ಟಿದ್ರೆ ಈಗ್ಲೇ ತೆಗ್ದಿಡಿ. ಆ ದೇಶದಲ್ಲಿ ಅದು ಡ್ರಗ್ಸ್ ಲೆಕ್ಕ. ಫೋನ್‌ಗಿಂತ ಅದು ದೊಡ್ಡ ಗಂಡಾಂತರ.

ತಿಪಟೂರು ಕೊಬ್ಬರಿ:
ಅಬುಧಾಬಿ ಅಂದಿದ್ದಕ್ಕೆ ಹೇಳ್ತೀನಿ, ಅಲ್ಲಿ ಅಮೆರಿಕದೋರೇ ಕೂತಿರ್ತಾರೆ. ಇಮಿಗ್ರೇಷನ್, ಕಸ್ಟಮ್ಸ್ ಎಲ್ಲ ಅಲ್ಲೇ ಮುಗ್ಸಿ ಫ್ಲೈಟ್ ಹತ್ತುಸ್ತಾರೆ, ಅಮೆರಿಕದಲ್ಲಿ ಇಳಿದ್ಮೇಲೆ ಲೋಕಲ್ ಪ್ಯಾಸೆಂಜರ್ ತರ ಎದ್ದು ಹೋಗೋದು ಅಷ್ಟೇ. ಅಂದ್ರೆ ಫೋನ್ ನೋಡೋದಾದ್ರೂ ಅಲ್ಲೇ. ಕನೆಕ್ಷನ್ ಟೈಮ್ ಒಂದೂವರೆ ಗಂಟೆ ಅಂತ ಚೀಪ್ ಟಿಕೆಟ್ ಮಾಡ್ಸಿದ್ರೆ ಒಳಗೆ ಕರ್ದು ಕೂರ್ಸಿದಾಗ ಫ್ಲೈಟ್ ಹೋಗೇ ಹೋಗುತ್ತೆ. ಮೂರು ನಾಕು ಗಂಟೆ ಇರೋದು ನೋಡಿ.

ಕಂಪನಿ ಲ್ಯಾಪ್‌ಟಾಪ್ ಇರೋರಿಗೂ ಒಂದು ಮಾತು. ನಮ್ ಆಫೀಸಲ್ಲಿ ಹೊರಗಡೆ ಹೋಗೋರಿಗೆ ಬೇರೆ ಲ್ಯಾಪ್‌ಟಾಪ್ ಕೊಡ್ತಾರೆ, ಕ್ಲೈಂಟ್ ಫೈಲ್ ಒಂದೂ ಇರಲ್ಲ. ಕೇಳಿದ್ರೆ ಇದು ಕಂಪನಿದು ಅಂತ ಹೇಳು, ತಡೀಬೇಡ, ಆಮೇಲೆ ಐಟಿ ಟೀಮಿಗೆ ತಿಳ್ಸಿ ಪಾಸ್‌ವರ್ಡ್ ಚೇಂಜ್ ಮಾಡು ಅಂತಾರೆ. ಈ ಪಾಸ್‌ವರ್ಡ್ ಚೇಂಜು ಸ್ಟೂಡೆಂಟ್ಸೂ ಮಾಡ್ಬೇಕು.

ಮಧುಗಿರಿ ಬೆಟ್ಟ:
ಬರೀ ಅಮೆರಿಕ ಅಲ್ಲ ಸ್ವಾಮಿ. ನ್ಯೂಜಿಲೆಂಡಲ್ಲಿ 2018ರ ಕಾನೂನು ಪ್ರಕಾರ ಪಾಸ್‌ವರ್ಡ್ ಕೊಡ್ಲಿಲ್ಲ ಅಂದ್ರೆ 5000 ಡಾಲರ್ ವರ್ಗೂ ಫೈನು, ಅವ್ರಿಗೂ ಅನುಮಾನಕ್ಕೆ ಕಾರಣ ಇರ್ಬೇಕು ಅಂತಿದೆ. ಬ್ರಿಟನ್ನಲ್ಲಿ 2000ನೇ ಇಸವಿಯ ಭಯೋತ್ಪಾದನೆ ಕಾಯ್ದೆಯ ಶೆಡ್ಯೂಲ್ 7 ಕೆಳಗೆ ಕೇಳಿದ್ರೆ ಕೊಡದೆ ಇರೋದೇ ಅಪರಾಧ. ನಮ್ ಅಕ್ಕನ ಮಗಳು ಆಕ್ಲೆಂಡಲ್ಲಿದಾಳೆ, ಅವಳ ಬ್ಯಾಗಲ್ಲಿ ಉಪ್ಪಿನಕಾಯಿ ನೋಡಿದ್ರೇ ಹೊರ್ತು ಫೋನ್ ಮುಟ್ಲಿಲ್ಲ.

ಕೆಜಿಎಫ್ ಕ್ಯಾಮೆರಾ:
ಎಲ್ರೂ ಹೋಗೋದೇ ಮಾತಾಡ್ತಿದೀರ, ಬರೋವಾಗ ನಮ್ಮ ಕಸ್ಟಮ್ಸ್ ಇದಾರಲ್ಲ ಅದನ್ನ ಯಾರು ಹೇಳ್ತೀರಾ? ದೊಡ್ಡ ಕ್ಯಾಮೆರಾ, ಲೆನ್ಸು ಇಲ್ಲಿಂದ ತಗೊಂಡು ಹೋಗೋದಾದ್ರೆ ಹೊರಡೋವಾಗ್ಲೇ ದೇವನಹಳ್ಳಿಲಿ ಕಸ್ಟಮ್ಸ್ ಕೌಂಟರ್‌ಗೆ ಹೋಗಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡ್ಸಿ, ಸೀರಿಯಲ್ ನಂಬರ್ ಬರ್ದು ಕೊಡ್ತಾರೆ, ವಾಪಸ್ ಬರೋವಾಗ ಇದು ಅಲ್ಲಿ ತಗೊಂಡಿದ್ದು ಡ್ಯೂಟಿ ಕಟ್ಟು ಅನ್ನೋ ಜಗಳ ಇರಲ್ಲ. 18 ವರ್ಷ ಆದೋರಿಗೆ ಒಂದು ಲ್ಯಾಪ್‌ಟಾಪ್ ಡ್ಯೂಟಿ ಫ್ರೀ. ಮಾವನ ಮಗಂಗೆ, ಫ್ರೆಂಡಿಗೆ ಅಂತ ಸೀಲ್ ಒಡೀದಿರೋ ಐಫೋನ್ ಬ್ಯಾಗಲ್ಲಿ ತುಂಬ್ಕೊಂಡು, ಡ್ಯೂಟಿ ಕಟ್ಟೋದೇನಿಲ್ಲ ಅನ್ನೋರು ಹೋಗೋ ಗ್ರೀನ್ ಚಾನೆಲಲ್ಲಿ ಬಂದ್ರೆ ಮಾತ್ರ ಸಿಕ್ಕಾಕೊಳ್ಳೋದೇ. ನರಸಾಪುರದಲ್ಲಿ ಐಫೋನ್ ಫ್ಯಾಕ್ಟ್ರಿನೇ ಇದೆ, ಪಕ್ಕದೂರಲ್ಲಿ ಮಾಡೋದನ್ನ ಅಲ್ಲಿಂದ ಹೊತ್ಕೊಂಡು ಬಂದು ಇಲ್ಲಿ ಡ್ಯೂಟಿ ಕಟ್ಟೋ ಜನ ನಾವು. ಡ್ರೋನ್ ತರೋ ಹಂಗಿಲ್ಲ, 2022 ಫೆಬ್ರವರಿಯಿಂದ ಇಂಪೋರ್ಟ್ ಬ್ಯಾನು. ಅಲ್ಲಿಂದ ಯಾರಾದ್ರೂ ಫಾರಿನ್ ಫ್ರೆಂಡು ನಂದಿಬೆಟ್ಟ ನೋಡೋಕೆ ಬರ್ತೀನಿ ಅಂದ್ರೆ ಸ್ಯಾಟಲೈಟ್ ಫೋನು, ಟ್ರೆಕ್ಕಿಂಗಲ್ಲಿ ಮೆಸೇಜ್ ಕಳ್ಸೋ ಸ್ಯಾಟಲೈಟ್ ಡಬ್ಬ ತರ್ಬೇಡ ಅಂತ ಹೇಳಿ, ಪರ್ಮಿಷನ್ ಇಲ್ದೆ ತಂದು ಇಲ್ಲಿ ಅರೆಸ್ಟ್ ಆದ ಟೂರಿಸ್ಟುಗಳೂ ಇದಾರೆ. ಫೋನ್ ಚೆಕ್ ಮಾಡ್ತಾರೆ ಅಂತ ಬರೀ ಹೊರಗಿನೋರ್ನ ಬೈಯೋದಲ್ಲ.

ಶ್ರೀನಿವಾಸಪುರ ಮಾವು:
ಅಪ್ಪಾ ಇಷ್ಟೊಂದು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ತಮ್ಮಂಗೆ ಓದ್ಸಿದೆ. ಎರಡು ಡೌಟು. ನಮ್ ದೊಡ್ಡಪ್ಪನ ವಾಟ್ಸಾಪ್ ಗ್ರೂಪ್ ಇದೆ, ದಿನಾ ರಾಜಕೀಯ, ಹೊಡೆದಾಟದ ವಿಡಿಯೋ ಬರುತ್ತೆ, ಇವ್ನು ಓಪನ್ನೂ ಮಾಡಲ್ಲ, ಅದು ಫೋನಲ್ಲಿ ಇರುತ್ತಾ? ಆಮೇಲೆ ಹಾರ್ಡ್‌ಡಿಸ್ಕ್, ಅದ್ರಲ್ಲಿ ಏನೇನಿದೆ ಅಂತ ಅವನಿಗೇ ಗೊತ್ತಿಲ್ಲ, ಹಾಸ್ಟೆಲ್ ಫ್ರೆಂಡ್ಸ್ ಎಲ್ಲ ಸೇರಿ ತುಂಬಿರೋದು.

ಕ್ಯಾತ್ಸಂದ್ರ ಗೇಟ್:
ಇರುತ್ತೆ! ಅವನು ನೋಡ್ಲಿ ಬಿಡ್ಲಿ, ಆಟೋ ಡೌನ್‌ಲೋಡ್ ಆನ್ ಇದ್ರೆ ಎಲ್ಲ ಗ್ಯಾಲರಿಲಿ ಕೂತಿರುತ್ತೆ, ಸ್ಕ್ರಾಲ್ ಮಾಡೋ ಆಫೀಸರ್‌ಗೆ ಕಾಣೋದು ಇವನ ಫೋನಲ್ಲಿರೋ ವಿಡಿಯೋ ಅಂತಾನೇ, ದೊಡ್ಡಪ್ಪ ಕಳ್ಸಿದ್ದು ಅಂತ ಅಲ್ಲ. ಸೆಟ್ಟಿಂಗ್ಸಲ್ಲಿ ಸ್ಟೋರೇಜ್ ಅಂಡ್ ಡೇಟಾಗೆ ಹೋಗಿ ಮೀಡಿಯಾ ಆಟೋ ಡೌನ್‌ಲೋಡ್ ಎಲ್ಲ ಆಫ್ ಮಾಡ್ಲಿ, ಇರೋದನ್ನ ಅಳಿಸ್ಲಿ, ಆ ಗ್ರೂಪಿಂದ ಆಚೆ ಬರ್ಲಿ. ದೊಡ್ಡಪ್ಪಂಗೆ ಬೇಜಾರಾದ್ರೆ ವೀಸಾ ರೂಲು ಅಂತ ಹೇಳಿ.

ಹಾರ್ಡ್‌ಡಿಸ್ಕ್ ಮನೇಲೇ ಬಿಟ್ಟು ಹೋಗ್ಲಿ. ಒಳಗೇನಿದೆ ಅಂತ ಗೊತ್ತಿಲ್ದೆ ಇರೋ ಡಿಸ್ಕನ್ನ ನಂದೇ ಸಾರ್ ಅಂತ ಗಡಿ ದಾಟ್ಸೋದು, ಯಾರೋ ಕೊಟ್ಟ ಪಾರ್ಸಲ್ ಹೊತ್ಕೊಂಡು ಹೋದಂಗೆ. ಮಾರ್ಕ್ಸ್ ಕಾರ್ಡು, ಮನೆ ಫೋಟೋ ಬೇಕಿದ್ರೆ ಕ್ಲೌಡಿಗೆ ಹಾಕಿ ಅಲ್ಲಿ ಹೋಗಿ ಇಳಿಸ್ಕೊಳ್ಲಿ. ಮತ್ತೆ ಯೂನಿವರ್ಸಿಟಿ ಇಂಟರ್‌ನ್ಯಾಷನಲ್ ಆಫೀಸ್ ನಂಬರು, ಅಲ್ಲಿ ಕರ್ಕೊಳೋಕೆ ಬರೋ ಫ್ರೆಂಡ್ ನಂಬರು ಪೇಪರಲ್ಲಿ ಪೆನ್ನಲ್ಲಿ ಬರ್ದು ಜೇಬಲ್ಲಿ ಇಟ್ಕೊಳಕ್ ಹೇಳಿ. ಈಗಿನ್ ಹುಡುಗ್ರಿಗೆ ಅಪ್ಪನ ನಂಬರೂ ಬಾಯಿಗೆ ಬರಲ್ಲ.

ಚಿಂತಾಮಣಿ ಡಬಲ್ ರೋಡ್:
ಹೊರಡೋ ದಿನ ಟೈಮ್ ಹೇಳಿ ಅಣ್ಣ. ಶ್ರೀನಿವಾಸಪುರದಿಂದ ನಮ್ಮೂರ್ ಮೇಲೇ ಬಂದು ಎಚ್ ಕ್ರಾಸಲ್ಲಿ ವಿಜಯಪುರ ರೋಡ್ ಹಿಡೀರಿ, ಹೊಸಕೋಟೆ ಕಡೆ ಹೋಗಿ ಟ್ರಾಫಿಕಲ್ಲಿ ಸಿಕ್ಕಾಕೊಬೇಡಿ. ಇಂಟರ್‌ನ್ಯಾಷನಲ್ ಎಲ್ಲ ಟರ್ಮಿನಲ್ 2, ಒಂದಕ್ಕೆ ಹೋಗ್ಬಿಟ್ಟೀರ.